ಅಪ್ಪನ ಶಕ್ತಿಯ ಡಬ್ಬಿ

ಗೆಳೆಯರೇ, ಇವತ್ತು ಬೆಳಿಗ್ಗೆ ಅಪ್ಪ ತಲೆ ತಿರುಗಿ ಬಚ್ಚಲ ಬಾಗಿಲಲ್ಲಿ ಕುಸಿದರು. ಶಹಾಬಾದಿನ ಆಸ್ಪತ್ರೆಗೆ ಓಡಿದೆವು. ಬಿಪಿ ನೋಡಿದ ಡಾಕ್ಟರ ಮುಖ ಬಿಗಿಯಾಯಿತು.

"ಬಿಪಿ ಗುಳಿಗಿ ತಗೊಳ್ಳಾಕತ್ತೀರೋ ಇಲ್ಲೋ?"

ಅಪ್ಪ ಜೇಬಿನಿಂದ ಒಂದು ಡಬ್ಬಿ ತೆಗೆದರು. "ಅವು ಬಿಟ್ಟೀನ್ರಿ. ಇದು ಆಂಟಿಆಕ್ಸಿಡೆಂಟ್ ಅಂತ. ವಯಸ್ಸಾದವ್ರ ರಕ್ತ ಶುದ್ಧ ಮಾಡಿ ಕೈಕಾಲಿಗೆ ಶಕ್ತಿ ಕೊಡ್ತದ. ರಕ್ತನೇ ಶುದ್ಧ ಆದ ಮ್ಯಾಲ ಬಿಪಿ ಎಲ್ಲಿಂದ ಬರ್ತದ್ರಿ?"

ಡಾಕ್ಟರು ಔಷಧಿ ಕೊಟ್ಟು ಮಲಗಿಸಿದರು. ಸ್ವಲ್ಪ ಹೊತ್ತಿಗೆ ಬಿಪಿ ಇಳಿಯಿತು. ಆಮೇಲೆ ಡಾಕ್ಟರು ಡಬ್ಬಿ ತಿರುಗಿಸಿ ಓದಿದರು. "ಇದರಾಗ ಇರೋದು ನುಗ್ಗಿ ಸೊಪ್ಪಿನ ಪುಡಿ."

ಅವ್ವ ಆಗ ಬಾಯಿಬಿಟ್ಟಳು. "ಹಿತ್ತಲದಾಗ ಗಿಡಾನೇ ಅದರಿ. ಪಲ್ಯ ಮಾಡಿದ್ರ ಇವ್ರು ದನಕ್ಕ ಹಾಕು ಅಂತಾರ."

ಸಂಜೆ ಮನೆಯಲ್ಲಿ ಊಟಕ್ಕೆ ನುಗ್ಗೆ ಸೊಪ್ಪಿನ ಪಲ್ಯವಿತ್ತು. ಅಪ್ಪ ಇನ್ನೊಮ್ಮೆ ಹಾಕಿಸಿಕೊಂಡು ಉಂಡರು. ಬಿಪಿ ಗುಳಿಗೆ ನುಂಗುವವರೆಗೆ ಅವ್ವ ಎದುರಿನಿಂದ ಏಳಲಿಲ್ಲ.