ನನ್ನ ಬಟ್ಟೆ ಒಣಗಿಸುವ ಪೆಟ್ಟಿಗೆ

ಎಪ್ಪತ್ತರ ದಶಕದಲ್ಲಿ ನಾನು ಯಲ್ಲದಕೆರೆ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಹಿರಿಯೂರಿನಲ್ಲಿ. ನಮ್ಮ ಬೀದಿಯಲ್ಲಿ ಯಾರ ರೇಡಿಯೋ ಕೆಟ್ಟರೂ ಮೊದಲು ನನ್ನನ್ನು ಕರೆಯುತ್ತಿದ್ದರು. ನಾನು ಬಿಚ್ಚಿ ಹರವಿದ ಮೇಲೆ ಬೇರೆ ಯಾರನ್ನಾದರೂ ಕರೆಯುತ್ತಿದ್ದರು.

ಆ ವರ್ಷ ತಂಗಿ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಮಗು ಹುಟ್ಟಿ ವಾರವಾಗಿತ್ತೋ ಇಲ್ಲವೋ, ಚಿತ್ತೆ ಮಳೆ ಹಿಡಿಯಿತು. ವರ್ಷವೆಲ್ಲ ಬಿಸಿಲು ಕಾಯುವ ನಮ್ಮೂರಿಗೆ ಬಿಡದ ಜಡಿ. ಮಗುವಿನ ಬಟ್ಟೆ ಎಂದರೆ ನಮ್ಮಜ್ಜಿ ಉಟ್ಟು ಉಟ್ಟು ಮೆತ್ತಗಾದ ಎರಡು ಸೀರೆಗಳ ತುಂಡುಗಳು ಅಷ್ಟೆ. ಹೆಸರಿಡುವವರೆಗೆ ಕೂಸಿಗೆ ಹೊಸ ಬಟ್ಟೆ ಮುಟ್ಟಿಸಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ. ಹಾಗಾಗಿ ಇದ್ದದ್ದನ್ನೇ ಒಗೆದು ಒಣಗಿಸಬೇಕು. ಮಗುವಿಗೆ ಆಗಲೇ ಮೂಗು ಕಟ್ಟಿತ್ತು. ಹಸಿ ಬಟ್ಟೆಯಲ್ಲಿ ಮಲಗಿದರೆ ಶೀತ ಎದೆಗಿಳಿಯುತ್ತದೆ ಎಂದು ತಂಗಿಗೆ ಜೀವವೇ ಬಾಯಿಗೆ ಬಂದಿತ್ತು.

ಅವ್ವನ ಬಳಿ ಇದಕ್ಕೊಂದು ಏರ್ಪಾಡಿತ್ತು. ಬಚ್ಚಲೊಲೆಯ ಕೆಂಡವನ್ನು ಮಡಕೆಗೆ ತುಂಬಿ, ಮೇಲೆ ಬಿದಿರಿನ ಕುಕ್ಕೆ ಬೋರಲು ಹಾಕಿ, ಅದರ ಮೇಲೆ ಬಟ್ಟೆ ಹರಡುವಳು. ಆಗಾಗ ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡುವಳು. ಬಿಸಿ ಹೆಚ್ಚಾದರೆ ಕೆಂಡದ ಮೇಲೆ ಹಿಡಿ ಬೂದಿ. ಇಪ್ಪತ್ತು ವರ್ಷದಲ್ಲಿ ಒಂದು ಬಟ್ಟೆಯೂ ಸುಟ್ಟಿರಲಿಲ್ಲ. ಇಷ್ಟು ಚೆನ್ನಾಗಿ ನಡೆಯುವ ಕೆಲಸವನ್ನು ಸುಧಾರಿಸದೆ ಬಿಡುವ ಜಾಯಮಾನ ನನ್ನದಲ್ಲ.

ಹೊಗೆ ಕೂಸಿಗೆ ಹೇಗೆ ವಿಷ ಎಂದು ಮೂರು ಹೊತ್ತು ಭಾಷಣ ಮಾಡಿದೆ. ಟೀ ಪುಡಿ ಬರುವ ಹಲಗೆ ಪೆಟ್ಟಿಗೆಯೊಂದನ್ನು ತಂದು ಒಳಗೆ ಎರಡು ದೊಡ್ಡ ಬಲ್ಬು ಕೂರಿಸಿದೆ. ಚಿತ್ರದುರ್ಗದ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಇಸ್ತ್ರಿ ಪೆಟ್ಟಿಗೆಯಿಂದ ಥರ್ಮೋಸ್ಟಾಟ್ ಕಿತ್ತು ಪೆಟ್ಟಿಗೆಯ ಒಳಗೋಡೆಗೆ ಜಡಿದೆ. ಬಿಸಿ ಏರಿದರೆ ಅದರ ಲೋಹದ ಪಟ್ಟಿ ಬಾಗಿ, ಎರಡು ಪುಟ್ಟ ಮೊನೆಗಳು ಬೇರೆಯಾಗಿ, ಬಲ್ಬು ತಾನೇ ಆರುತ್ತದೆ. ತಣಿದರೆ ಮೊನೆಗಳು ಕೂಡಿ ಮತ್ತೆ ಹೊತ್ತುತ್ತದೆ. ಬಟ್ಟೆ ನೇತುಹಾಕಲು ಕಡ್ಡಿ ಬೇಕಿತ್ತು. ಅದಕ್ಕೆ ಅವ್ವನ ಕುಕ್ಕೆಯನ್ನೇ ಮುರಿದೆ.

ಮೊದಲ ದಿನ ಎಲ್ಲರೂ ಸುತ್ತ ನಿಂತು ನೋಡಿದರು. ಬಲ್ಬು ಹೊತ್ತಿತು, ಪೆಟ್ಟಿಗೆ ಕಾಯಿತು, ಬಲ್ಬು ತಾನಾಗಿ ಆರಿತು. "ಅಲಲಾ! ಇದಕ್ಕೂ ಬುದ್ಧಿ ಐತಲ್ಲಪ್ಪ!" ಎಂದಳು ಅವ್ವ. ನಾನು ನೆಲದ ಮೇಲೆ ನಿಂತಿರಲಿಲ್ಲ.

ಅಂದಿನಿಂದ ಬೆಳಿಗ್ಗೆ ಸ್ವಿಚ್ಚು ಹಾಕಿ ಬಸ್ಸಿಗೆ ಓಡುತ್ತಿದ್ದೆ. ಸಂಜೆ ಬರುವಷ್ಟರಲ್ಲಿ ಬಟ್ಟೆಗಳು ಒಣಗಿ, ಮಡಿಚಿ, ತೊಟ್ಟಿಲ ಪಕ್ಕ ಇರುತ್ತಿದ್ದವು. ಪೆಟ್ಟಿಗೆ ಇಣುಕಿದಾಗಲೆಲ್ಲ ಬಲ್ಬು ಆರಿರುತ್ತಿತ್ತು. ಆಹಾ, ಹದ ಬಂದೊಡನೆ ಹೇಗೆ ಆರಿಸಿಕೊಂಡಿದೆ ಎಂದು ಹಿಗ್ಗುತ್ತಿದ್ದೆ. ಕರೆಂಟು ಮೀಟರು ತಿರುಗುವುದೇ ಇಲ್ಲ ಎಂದು ಶಾಲೆಯಲ್ಲಿ ಸಹೋದ್ಯೋಗಿಗಳ ಎದುರು ಜಂಬ ಕೊಚ್ಚಿದೆ. ಹೊಸದುರ್ಗದಿಂದ ಬಂದಿದ್ದ ಒಬ್ಬರು ನಕ್ಷೆ ಕೇಳಿದರು. ಬರೆದೂ ಕೊಟ್ಟೆ.

ಭಾನುವಾರ ಮನೆಯಲ್ಲಿದ್ದೆ. ಸುಮ್ಮನೆ ಪೆಟ್ಟಿಗೆಯೊಳಗೆ ಕೈಯಿಟ್ಟರೆ ಬಾವಿಯಂತೆ ತಣ್ಣಗಿತ್ತು. ಒಳಗಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಬಲ್ಬು ತೆಗೆದು ಅಡುಗೆಮನೆಯಲ್ಲಿ ಹಾಕಿದೆ, ಹೊತ್ತಿತು. ಫ್ಯೂಸು ನೋಡಿದೆ, ವೈರು ನೋಡಿದೆ, ಪ್ಲಗ್ಗು ಬಿಚ್ಚಿ ಮತ್ತೆ ಕಟ್ಟಿದೆ. ಎಲ್ಲ ಸರಿ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ನಮ್ಮ ಬೀದಿಯ ಕರೆಂಟಿಗೇ ಬೈದೆ. ಕೊನೆಗೆ ಥರ್ಮೋಸ್ಟಾಟನ್ನು ಬಿಟ್ಟು, ಅದರ ಎರಡು ತುದಿಗೂ ನೇರ ವೈರು ಜೋಡಿಸಿದರೆ ಬಲ್ಬು ಝಗ್ಗನೆ ಬೆಳಗಿತು. ದೋಷ ಅಲ್ಲೇ! ಪ್ಲಗ್ಗು ಕಿತ್ತು, ಟಾರ್ಚು ಹಿಡಿದು ನೋಡಿದೆ. ಮೊನೆಗಳು ಕೂಡಿಯೇ ಇದ್ದವು, ಆದರೆ ನಡುವೆ ಗಟ್ಟಿಯಾಗಿ ಒಣಗಿದ ವಿಭೂತಿ.

"ಯಾರು ಇದಕ್ಕೆ ವಿಭೂತಿ ಬಳಿದೋರು? ಯಂತ್ರ ಅಂದ್ರೆ ದೇವ್ರೇನು?" ಎಂದು ಮನೆ ಹಾರುವಂತೆ ಕೂಗಿದೆ.

ಒಳಗಿನಿಂದ ಅವ್ವ ಬಂದಳು. "ನಾನೇ ಹಚ್ಚಿರ್ಬೇಕು ಬಿಡಪ್ಪ. ವಯಸ್ಸಾತು, ನೆಪ್ಪಿರಲ್ಲ," ಎಂದಳು.

ಆಗ ನನಗೆ ನೆನಪಾಯಿತು. ಮೊದಲ ದಿನ ಎಲ್ಲರೂ ಒಳಗೆ ಹೋದ ಮೇಲೆ, ಕಣ್ಣು ಬೀಳದಿರಲಿ ಎಂದು ವಿಭೂತಿ ಕಲಸಿ, ಪೆಟ್ಟಿಗೆಯೊಳಗೆ ಥರ್ಮೋಸ್ಟಾಟ್ ಜಡಿದ ಹಲಗೆಯ ಮೇಲೆ ಮೂರು ಪಟ್ಟೆ ಎಳೆದವನು ನಾನು. ಬಿಸಿಗೆ ಮೊನೆಗಳು ಬಾಯಿ ತೆರೆದಿದ್ದ ಹೊತ್ತು ಅದು. ಮೂಢನಂಬಿಕೆ ಬಿಡಿ ಎಂದು ಮಕ್ಕಳಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು ನಾನು. ಮಾತು ತಿರುಗಿಸಲು, "ಹಂಗಾರೆ ಇಷ್ಟು ದಿನ ಬಟ್ಟೆ ಒಣಗಿದ್ದು ಹೆಂಗೆ?" ಎಂದೆ.

ತಂಗಿಗೆ ತಡೆಯಲಾಗಲಿಲ್ಲ. "ಅವ್ವ ಹಸಿ ಬಟ್ಟೆನೆಲ್ಲ ಸೊಂಟಕ್ಕೆ ಸುತ್ಕಂಡು ಮೇಲೆ ಸೀರೆ ಉಡ್ತಾಳೆ ಕಣಣ್ಣ. ಮೈ ಕಾವಿಗೆ ಒಣಗಿಸ್ತಾಳೆ. ಕುಕ್ಕೆ ತರಾಣ ಅಂದ್ರೆ ಬ್ಯಾಡ ಅಂತಾಳೆ, ನೀನು ಮುಖ ಸಣ್ಣ ಮಾಡ್ಕಂತೀಯ ಅಂತ. ಎರಡು ದಿನದಿಂದ ಅವಳಿಗೂ ಕೆಮ್ಮು."

ಅವ್ವ ಕೆಮ್ಮುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು. ಇಷ್ಟು ವರ್ಷ ನುಂಗಿದ ಹೊಗೆಯ ಕೆಮ್ಮು, ಹೋಗಲು ನಾಲ್ಕು ದಿನ ಬೇಕು ಎಂದು ನಾನೇ ಹೇಳಿದ್ದೆ.

ಮೊನೆಗಳನ್ನು ಉಜ್ಜಿ ಸ್ವಚ್ಛ ಮಾಡಿದೆ. ಬಲ್ಬು ಹೊತ್ತಿತು. ಅದರ ಬೆಳಕಿನಲ್ಲೇ, "ಅವ್ವಾ, ವಿಭೂತಿ ಹಚ್ಚಿದ್ದು ನಾನು," ಎಂದೆ.

"ಗೊತ್ತು ಬಿಡು. ಆ ಪಟ್ಟೆ ನೋಡಿದ್ರೆ ತಿಳಿಯಲ್ವ? ನನ್ನ ಬೆರಳು ಅಷ್ಟು ದಪ್ಪ ಅವೆಯಾ?"

"ಈಗ ಸರಿಹೋಗೈತೆ. ಸೊಂಟದಾಗಿರೋದನ್ನ ಬಿಚ್ಚಿ ಇದರಾಗೆ ಹಾಕವ್ವ."

ಅವಳು ಸೆರಗಿನ ಕೆಳಗಿಂದ ಬಟ್ಟೆಯ ತುದಿಯೊಂದನ್ನು ಎಳೆದು ಕೆನ್ನೆಗೆ ಒತ್ತಿಕೊಂಡಳು. "ಮುಕ್ಕಾಲು ಒಣಗೈತೆ. ನಿನ್ನ ಪೆಟ್ಟಿಗೆಗ್ಯಾಕೆ ತೊಂದ್ರೆ," ಎಂದು ಮತ್ತೆ ಸಿಕ್ಕಿಸಿಕೊಂಡಳು.

ನಾನು ಪ್ಲಗ್ಗು ಕಿತ್ತು, ಕುಕ್ಕೆ ತರಲು ಮೇದಾರರ ಕೇರಿಗೆಂದು ಮಳೆಯಲ್ಲೇ ಅಂಗಳಕ್ಕಿಳಿದೆ. ಹಿಂದಿನಿಂದ ಅವ್ವ ಕೂಗಿದಳು: "ಲೇ, ಕೊಡೆ ತಗಂಡು ಹೋಗೋ! ನಿನ್ ಬಟ್ಟೆ ಒಣಗ್ಸಾಕೆ ನನ್ ಸೊಂಟದಾಗೆ ಜಾಗ ಇಲ್ಲ!"