ಲೈಟ್ ಸೀರೆ

ಯಳಂದೂರಿನಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ನಾನು ಅರವತ್ತರ ದಶಕದಲ್ಲಿ ಕೊಳ್ಳೇಗಾಲದ ನೇಕಾರರ ಮನೆಗೆ ಸೊಸೆಯಾಗಿ ಬಂದೆ. ಅತ್ತೆ ತೀರಿಕೊಂಡಿದ್ದರು, ಗಂಡನದು ಮಾತು ಕಮ್ಮಿ. ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ. ನಮ್ಮ ಸೀರೆ ಕೊಳ್ಳುತ್ತಿದ್ದ ಬೆಂಗಳೂರಿನ ಅಂಗಡಿಯಿಂದ ಇಂಗ್ಲಿಷ್ ಕಾಗದ ಬಂದರೆ ಮಾವ ಮಗ್ಗ ನಿಲ್ಲಿಸಿ, "ಏನ್ ಬರ್ದವ್ರೆ ಓದವ್ವ" ಅನ್ನುತ್ತಿದ್ದರು. ಆ ಮನೆಯಲ್ಲಿ ನನ್ನನ್ನು ಕೂತು ಮಾತಾಡಿಸುತ್ತಿದ್ದದ್ದು ಆಗ ಮಾತ್ರ.

ಒಮ್ಮೆ ಅಂಗಡಿಯವರು ಗಿರಾಕಿಯೊಬ್ಬರ ಮನೆಯ ಮದುವೆಗೆ ಮೂರು 'ಲೈಟ್' ರೇಷ್ಮೆ ಸೀರೆ ಬೇಕೆಂದು ಬರೆದಿದ್ದರು. "ತಿಳಿ ಬಣ್ಣದ್ದು ಕೇಳವ್ರೆ ಮಾವ" ಅಂದೆ. ಅಪ್ಪ ಮಗ ಸೇರಿ ತಿಳಿ ಹಳದಿಯ ಮೂರು ಸೀರೆ ನೇದರು. ಮೂರೂ ವಾಪಸು ಬಂದವು. ಜೊತೆಗಿದ್ದ ಕಾಗದವನ್ನೂ ನಾನೇ ಓದಬೇಕಾಯಿತು. ಅವರಿಗೆ ಬೇಕಿದ್ದದ್ದು ತೂಕದಲ್ಲಿ ಹಗುರವಾದ ಸೀರೆ, ಬಣ್ಣ ಯಾವುದಾದರೂ ನಡೆಯುತ್ತಿತ್ತು.

ತವರಿಂದ ತಂದಿದ್ದ ಡಿಕ್ಷನರಿ ತೆರೆದೆ. ಬೆಳಕು, ದೀಪ, ಹಚ್ಚುವುದು, ತಿಳಿ, ಹಗುರ, ಎಲ್ಲಕ್ಕೂ ಅಲ್ಲಿ 'ಲೈಟ್' ಅನ್ನುವ ಅದೊಂದೇ ಮಾತು. ನಮ್ಮ 'ತಿಳಿ'ಯೂ ಕಮ್ಮಿಯೇನಲ್ಲ, ಸಾರಿನ ತಿಳಿಯೂ ಅದೇ, ಅರ್ಥ ಮಾಡಿಕೊಳ್ಳುವುದೂ ಅದೇ. ಆದರೆ ಅದರಲ್ಲಿ ನಾನು ಯಾವತ್ತೂ ಎಡವಿರಲಿಲ್ಲ.

"ತಪ್ಪಾಯ್ತು ಮಾವ" ಅಂದೆ.

"ಓಗ್ಲಿ ಬುಡವ್ವ, ಬೇಕಂತ ಮಾಡಿದ್ಯಾ ನೀನು?"

ಬೈದಿದ್ದರೆ ಅತ್ತು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮುಂದಿನ ಕಾಗದ ಬಂದ ದಿನ ಅವರು ನನ್ನನ್ನು ಕರೆಯಲಿಲ್ಲ. ಮಡಚಿ ಜೇಬಿಗಿಟ್ಟುಕೊಂಡು ಪಕ್ಕದ ಬೀದಿಯ ಮೇಷ್ಟ್ರ ಮನೆಗೆ ಹೋದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಆಮೇಲೆ ಎಷ್ಟೋ ವರ್ಷ ನಮ್ಮ ಮನೆಯ ಕಾಗದಗಳನ್ನು ಆ ಮೇಷ್ಟ್ರೇ ಓದಿದರು.