ತೇಗದ ಬಣ್ಣದ ಹಲಗೆ

ಮಗಳನ್ನು ನೋಡಲು ಕಾಮಸಮುದ್ರದ ಕಡೆಯವರು ಬರುತ್ತಾರೆಂದು ತಿಳಿದಾಗಿನಿಂದ ನನ್ನ ಗಂಡನಿಗೆ ನಮ್ಮ ಮನೆಯ ಸೂರು ಕಣ್ಣಿಗೆ ಚುಚ್ಚತೊಡಗಿತು. ಚಾಂಪಿಯನ್ ರೀಫ್ಸಿನಲ್ಲಿ ನಮ್ಮದು ಚಿನ್ನದ ಗಣಿ ಕೆಲಸಗಾರರ ಹಳೆಯ ಮನೆ. ಮಾವನವರ ಕಾಲದಿಂದಲೂ ಮೇಲೆ ತಗಡಿನ ಶೀಟು. ಅದು ಕಾಣಬಾರದೆಂದು ಗಂಡ ಬಂಗಾರಪೇಟೆಯಿಂದ ಪ್ಲಾಸ್ಟಿಕ್ ಹಲಗೆ ತಂದು ನಡುಮನೆಗೆ ಸೀಲಿಂಗ್ ಹಾಕಿಸಿದರು. ತೇಗದ ಬಣ್ಣ, ತೇಗದ ಗೆರೆ, ಮರದಲ್ಲಿರುವಂಥ ಗಂಟು ಕೂಡ. ಎಲ್ಲ ಹಲಗೆಯಲ್ಲೂ ಆ ಗಂಟು ಒಂದೇ ಜಾಗದಲ್ಲಿತ್ತು.

ನೋಡಿದವರೆಲ್ಲ ಚೆನ್ನಾಗಿದೆ ಎಂದರು. ನನಗೆ ಮಾತ್ರ ಅದರ ಕೆಳಗೆ ಕೂರಲಾಗುತ್ತಿರಲಿಲ್ಲ. ಅಕ್ಕಿ ಆರಿಸುತ್ತಿದ್ದವಳು ಮೊರ ಎತ್ತಿಕೊಂಡು ಜಗುಲಿಗೆ ಹೋಗುತ್ತಿದ್ದೆ. ತಗಡಿನಲ್ಲಿ ಎಲ್ಲೆಲ್ಲಿ ತುಕ್ಕು ಹಿಡಿದಿದೆ, ಮಳೆ ಬಂದರೆ ಯಾವ ಮೂಲೆಗೆ ಪಾತ್ರೆ ಇಡಬೇಕು, ಎಲ್ಲ ನನಗೆ ಗೊತ್ತಿತ್ತು. ಈಗ ಮೇಲೆ ಏನಾಗುತ್ತಿದೆಯೋ ತಿಳಿಯುವಂತಿರಲಿಲ್ಲ.

ಗಂಡಿನ ಕಡೆಯವರು ಬರುವ ಹಿಂದಿನ ದಿನ ಜೋರು ಮಳೆಯಾಯಿತು. ಒಂದು ಹನಿಯೂ ಕೆಳಗೆ ಬೀಳಲಿಲ್ಲ. ಗಂಡ ಖುಷಿಯಾದರು. ಬೆಳಿಗ್ಗೆ ನೋಡಿದರೆ ಒಂದು ಹಲಗೆ ಹೊಟ್ಟೆ ಬಿಟ್ಟುಕೊಂಡು ಜೋತಿತ್ತು.

"ಒಳಗೆ ನೀರು ನಿಂತೈತೆ ಕಣ್ರೀ, ಬಿಚ್ಚಿ," ಎಂದೆ.

"ಅವ್ರು ಬಂದೋಗ್ಲಿ ಇರು. ಈಗ ಬಿಚ್ಚಿದ್ರೆ ತುಕ್ಕೆಲ್ಲಾ ಕಾಣ್ತದೆ."

"ಅವ್ರ ತಲೆ ಮೇಲೇ ಬಿದ್ರೆ?"

ಅವರು ಚಾಪೆ ಕೊಡವಲು ಜಗುಲಿಗೆ ಹೋದರು. ನಾನೇ ಸ್ಟೂಲು ಹತ್ತಿ ಹಲಗೆಯ ತುದಿ ಎಳೆದೆ. ಕೆಂಪು ನೀರು ಮೈಮೇಲೆಲ್ಲ ಸುರಿಯಿತು. ನೆಲ ಒರೆಸಿ, ಸೀರೆ ಬದಲಿಸುವಷ್ಟರಲ್ಲಿ ಬೀಗರಾಗಬೇಕಾದವರು ಬಾಗಿಲಲ್ಲಿದ್ದರು.

ಹುಡುಗನ ತಾಯಿ ಚಾಪೆಯ ಮೇಲೆ ಕೂತು ತಲೆ ಎತ್ತಿದರು. "ಇದ್ಯಾಕೆ ಬಿಚ್ಚಿದ್ದೀರಾ?"

ಗಂಡ ಕೆಮ್ಮಿದರು.

"ಸೋರ್ತದೆ ಅಕ್ಕಾ," ಎಂದೆ. "ಮೇಲಿರೋದು ಹಳೇ ಶೀಟು. ಮರದಂಗೆ ಕಾಣೋದು ಪ್ಲಾಸ್ಟಿಕ್ಕು."

ಆಕೆ ಕಾಫಿ ಲೋಟ ಎತ್ತಿಕೊಂಡರು.

ಅವರು ಹೋದ ಮೇಲೆ ಗಂಡ ನನ್ನೊಡನೆ ಮಾತು ಬಿಟ್ಟರು. ಫೋನು ಬಡಿದುಕೊಂಡಾಗಲೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ಎದ್ದುಬಿಡುತ್ತಿದ್ದೆ. ಒಂದು ಹಲಗೆಗಾಗಿ ಸಂಬಂಧ ಕೆಡಿಸಿದೆನೇ ಎಂದು ಒಳಗೂ ಹೊರಗೂ ಓಡಾಡುತ್ತಿದ್ದೆ.

"ಬಿಡಮ್ಮ," ಎಂದಳು ಮಗಳು. "ನಾಳೆ ಬಂದು ನೋಡಿದ್ರೂ ನಮ್ದು ಇದೇ ಮನೆ ತಾನೆ."

ಕೊನೆಗೆ ಒಪ್ಪಿಗೆ ಬಂತು. ಆದರೂ ಉಳಿದ ಹಲಗೆಗಳನ್ನು ನೋಡಿದರೆ ನನ್ನ ತಳಮಳ ಇಳಿಯಲಿಲ್ಲ. ಮದುವೆಗೆ ಮುಂಚೆ ತೂತಾದ ಶೀಟು ಬದಲಿಸಿ, ಸೀಲಿಂಗ್ ಪೂರ್ತಿ ಬಿಚ್ಚಿಸಿದೆ. ಗಂಡ ಗೊಣಗುತ್ತಲೇ ಹಲಗೆಗಳನ್ನು ಕೋಳಿಗೂಡಿಗೆ ಹೊದಿಸಿದರು.

ಈಗ ಮಳೆ ಹಿಡಿದರೆ ತಗಡಿನ ಸದ್ದಿಗೆ ಮಗಳು ಫೋನಿನಲ್ಲಿ ಹೇಳುವುದು ಕೇಳಿಸುವುದಿಲ್ಲ. "ಆಮೇಲೆ ಮಾಡೇ," ಎಂದು ಕೂಗಿ, ಮೇಲೆ ನೋಡುತ್ತಾ ನಿಲ್ಲುತ್ತೇನೆ.